ಯಾವ ಮಿಷನ್ನಿನವರು? ಮುಂಬಯಿ ಕರ್ನಾಟಕದ ಸಭೆಗಳು ಮತ್ತು ಐಕ್ಯದ ದಾರಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕ್ರೈಸ್ತ ಮನೆಗಳಲ್ಲಿ ಲಗ್ನದ ಮಾತು ಎದ್ದರೆ, ಹುಡುಗ ಏನು ಓದಿದ್ದಾನೆ, ನೌಕರಿ ಎಲ್ಲಿ ಎಂದು ಕೇಳಿದ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: “ನಿಮ್ಮದು ಯಾವ ಮಿಷನ್ ರೀ, ಅಣ್ಣಾರ?” ಧಾರವಾಡದ ಕಡೆಯವರಾದರೆ “ನಮ್ಮದು ಬಾಸೆಲ್ ರೀ” ಅನ್ನುತ್ತಾರೆ. ಬೆಳಗಾವಿ ಕಡೆಯವರಾದರೆ “ಮೆಥೋಡಿಸ್ಟ್”. ಬಾಸೆಲ್ ಎಂಬ ಊರು ಸ್ವಿಟ್ಜರ್ಲೆಂಡಿನಲ್ಲಿದೆ ಎಂಬುದು ಉತ್ತರ ಕೊಟ್ಟವರಿಗೆ ಗೊತ್ತಿರಲೇಬೇಕೆಂದಿಲ್ಲ. ಮೆಥೋಡಿಸ್ಟ್ ಪಂಥ ಶುರುವಾದದ್ದು ಇಂಗ್ಲೆಂಡಿನಲ್ಲಾದರೂ ಬೆಳಗಾವಿಗೆ ಅದು ಅಮೆರಿಕದವರ ಕೈಯಿಂದ ಬಂತು ಎಂಬುದಂತೂ ಬಹಳ ಜನಕ್ಕೆ ಗೊತ್ತಿಲ್ಲ. ಆದರೂ ಉತ್ತರ ತಡವರಿಸದೆ ಬರುತ್ತದೆ.

ಈ ಉತ್ತರವನ್ನು ನಮ್ಮ ಹಿರಿಯರು ಆರಿಸಿಕೊಂಡದ್ದಲ್ಲ, ನಕ್ಷೆ ಅವರಿಗೆ ಕೊಟ್ಟದ್ದು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆಯೂರಿದರು. ಅಲ್ಲಿ ಅವರ ಜೊತೆಗಿದ್ದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರು. ಆಮೇಲೆ ಬಂದ ವಿಲಿಯಂ ಬೇನನ್ ಅವರ ಹೆಸರು ಇವತ್ತಿಗೂ ಬೆಳಗಾವಿಯ ಬೇನನ್ ಸ್ಮಿತ್ ಹೈಸ್ಕೂಲಿನ ಫಲಕದ ಮೇಲಿದೆ. 1904ರಲ್ಲಿ ಲಂಡನ್ ಮಿಷನ್ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೋಡಿಸ್ಟರಿಗೆ ಬಿಟ್ಟುಕೊಟ್ಟಿತು. ಅತ್ತ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆ ಮಾಡಿತು. ಒಬ್ಬರು ಕೆಲಸ ಹಿಡಿದ ಸೀಮೆಗೆ ಇನ್ನೊಬ್ಬರು ಕೈಹಾಕಬಾರದೆಂದು ಮಿಷನ್ನುಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಹೀಗಾಗಿ ಘಟಪ್ರಭಾ ದಂಡೆಯ ಮನುಷ್ಯನೊಬ್ಬ ಮೆಥೋಡಿಸ್ಟ್ ಆಗಿದ್ದರೆ ಅದು ವೆಸ್ಲಿಯ ಬೋಧನೆಯನ್ನೂ ಲೂಥರನ ಬೋಧನೆಯನ್ನೂ ತಕ್ಕಡಿಯಲ್ಲಿ ಇಟ್ಟು ತೂಗಿ ನೋಡಿ ಅಲ್ಲ. ಅವನ ಹಳ್ಳಿ ಆ ಗೆರೆಯ ಈಚೆಗಿತ್ತು, ಅಷ್ಟೆ.

ಒಪ್ಪಂದ ಒಳ್ಳೆಯದೇ, ಜಗಳ ತಪ್ಪಿಸಿತು. ಆದರೆ ಯುರೋಪಿನಲ್ಲಿ ಮುನ್ನೂರು ವರ್ಷದ ಹಿಂದೆ ಎದ್ದ ತಕರಾರುಗಳನ್ನು ಅದು ಕನ್ನಡ ನೆಲದ ಮೇಲೆ ಗಡಿಕಲ್ಲು ನೆಟ್ಟು ಕೂಡಿಸಿತು. ಒಂದೇ ಭಾಷೆಯ, ಒಂದೇ ಹೊಲ-ಮನೆ ಬದುಕಿನ, ಎಷ್ಟೋ ಸಲ ಒಂದೇ ಬಳ್ಳಿಯ ಜನ ಒಂದೇ ಮೇಜಿನ ಸುತ್ತ ಕರ್ತನ ಭೋಜನಕ್ಕೆ ಕೂಡುವಂತಿರಲಿಲ್ಲ. ಅವರ ಬೈಬಲ್ ಮಾತ್ರ ಒಂದೇ ಆಗಿತ್ತು. ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ಮಾಡಿದ ಅನುವಾದ 1831ಕ್ಕೆ ಪೂರ್ತಿಯಾಯಿತು. ಆಮೇಲೆ ಅದನ್ನು ತಿದ್ದುವ ಕೆಲಸಕ್ಕೆ ಬಾಸೆಲಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾಗಿ ಬೇರೆ ಮಿಷನ್ನಿನವರೂ ಕೈಹಚ್ಚಿದರು. ಅಣ್ಣತಮ್ಮಂದಿರ ನಡುವೆ ಹೊಲ ಹಿಸೆಯಾದರೂ ಬಾವಿ ಜಂಟಿಯಾಗಿ ಉಳಿಯುವ ಹಾಗೆ ಈ ಪುಸ್ತಕ ಜಂಟಿಯಾಗಿ ಉಳಿಯಿತು. ಐಕ್ಯದ ಚರಿತ್ರೆಯನ್ನು 1947ರಿಂದ ಬರೆಯುವವರು ಈ ನೂರು ವರ್ಷದ ಜಂಟಿತನವನ್ನು ಮರೆಯುತ್ತಾರೆ.

ಬಾಸೆಲ್ ಮಿಷನ್ನಿನ ಹುಟ್ಟಿನಲ್ಲೇ ಒಂದು ಹೊಂದಾಣಿಕೆ ಇತ್ತು. 1815ರಲ್ಲಿ ಅದನ್ನು ಕಟ್ಟಿದವರಲ್ಲಿ ಜರ್ಮನಿಯ ವುರ್ಟೆಂಬರ್ಗಿನ ಲೂಥರನ್ನರೂ ಇದ್ದರು, ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಪಂಥದವರೂ ಇದ್ದರು. ಕರ್ತನ ಭೋಜನದ ರೊಟ್ಟಿ-ದ್ರಾಕ್ಷಾರಸದ ಅರ್ಥದ ಮೇಲೆ ಇವೆರಡು ಪಂಥಗಳು ಹದಿನಾರನೆಯ ಶತಮಾನದಲ್ಲೇ ಮುಖ ತಿರುಗಿಸಿಕೊಂಡಿದ್ದವು. ಬಾಸೆಲಿನಲ್ಲಿ ಮಾತ್ರ ಅವು ಒಂದೇ ಸೂರಿನಡಿ ಕೂತು ಒಂದೇ ಸಂಸ್ಥೆ ನಡೆಸಿದವು. ಆ ಸಂಸ್ಥೆ ಕಳಿಸಿದವರೇ ಮುಂದೆ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್. ಧಾರವಾಡ ಸೀಮೆಯ ಸಭೆಗಳಿಗೆ ಅದರಿಂದ ಬಂದ ರೂಢಿ ಹಿರಿಯರ ಆಡಳಿತ. ಸಭಾಪಾಲಕರು, ಆಯ್ಕೆಯಾದ ಹಿರಿಯರು, ವಾದ ಬಂದರೆ ಹಿರಿಯರ ಕೂಟ. ಬಿಷಪ್ ಎಂಬ ಹುದ್ದೆ ಅವರ ಅನುಭವದಲ್ಲೇ ಇರಲಿಲ್ಲ. ಮುಂದೆ ತಕರಾರು ಎದ್ದದ್ದು ಇದೇ ಜಾಗದಲ್ಲಿ.

ಅದಕ್ಕೆ ಮುಂಚೆ ಒಂದು ಪೆಟ್ಟು ಬಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದಲೇ ಕಳಿಸಲಾಯಿತು. ಹಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಧಾರವಾಡ ಸೀಮೆಯ ಕೆಲಸವನ್ನು ಸ್ವಿಸ್ ಜನರು ಕೆನರೀಸ್ ಇವ್ಯಾಂಜಲಿಕಲ್ ಮಿಷನ್ ಎಂಬ ಹೆಸರಿನಲ್ಲಿ ಕೆಲಕಾಲ ನಡೆಸಿದರು. ಮಲಬಾರಿನ ಬಾಸೆಲ್ ಸಭೆಗಳು 1919ರಲ್ಲಿ, ಬೇರೆ ಮಿಷನ್ನುಗಳ ಸಭೆಗಳು ಆಗಲೇ ಕೂಡಿ ಕಟ್ಟಿದ್ದ ದಕ್ಷಿಣ ಭಾರತ ಐಕ್ಯ ಸಭೆಯನ್ನು ಸೇರಿದವು. ಹೊರಗಿನವರ ಆಸರೆ ಒಂದು ಸರ್ಕಾರಿ ಆದೇಶದಿಂದ ಕಡಿದುಹೋಗಬಹುದು ಎಂಬುದು ಇಲ್ಲಿನ ಸಭೆಗಳಿಗೆ ಮೊದಲ ಸಲ ಗೊತ್ತಾಯಿತು. ಮುಂದೆ ಯಾರ ಜೊತೆ ನಿಲ್ಲಬೇಕು ಎಂಬ ಪ್ರಶ್ನೆ ಅಂದಿನಿಂದಲೇ ಒಳಗೊಳಗೆ ಕುದಿಯತೊಡಗಿತ್ತು ಅಂತ ನನ್ನ ಊಹೆ.

ಅದೇ 1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮೂವತ್ತಮೂರು ಜನ ಕೂಡಿದರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಮುಂದಾಳುಗಳು ದೋರ್ನಕಲ್‌ನ ಬಿಷಪ್ ವಿ. ಎಸ್. ಅಜರಯ್ಯ ಮತ್ತು ಐಕ್ಯ ಸಭೆಯ ವೇದನಾಯಕಂ ಸಂತಿಯಾಗೊ. ತಿರುನೆಲ್ವೇಲಿ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಅಜರಯ್ಯ 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು. ಅದಕ್ಕೆ ಎರಡು ವರ್ಷ ಮೊದಲು, 1910ರಲ್ಲಿ, ಎಡಿನ್‌ಬರೋದ ಮಹಾಸಮ್ಮೇಳನದಲ್ಲಿ ಎದ್ದು ನಿಂತು, ನೀವು ನಮಗಾಗಿ ಬಹಳ ತ್ಯಾಗ ಮಾಡಿದ್ದೀರಿ, ಆದರೆ ನಮಗೆ ಬೇಕಾದದ್ದು ಸ್ನೇಹ ಎಂಬ ಅರ್ಥದ ಮಾತನ್ನು ಬಿಳಿಯ ಮಿಷನರಿಗಳ ಮುಖಕ್ಕೇ ಹೇಳಿದ್ದರು. ಮಾತು ಸೌಮ್ಯ, ಏಟು ಗಟ್ಟಿ. ತರಂಗಂಬಾಡಿಯಲ್ಲಿ ಅವರೂ ಸಂಗಡಿಗರೂ ಹೊರಡಿಸಿದ ಹೇಳಿಕೆಯ ತಿರುಳು ಇಷ್ಟು: ಈ ವಿಭಜನೆಗಳನ್ನು ನಾವು ಮಾಡಿದ್ದಲ್ಲ, ಅವು ನಮ್ಮ ಮೇಲೆ ಹೇರಲ್ಪಟ್ಟವು, ಇವನ್ನು ಹೊತ್ತು ನಡೆಯುವ ಹಂಗು ನಮಗಿಲ್ಲ.

ಹೇಳಿಕೆ ಹೊರಡಿಸಲು ಎರಡು ದಿನ ಸಾಕಾಯಿತು. ಅದನ್ನು ನಡೆಸಿಕೊಡಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಈ ಇಪ್ಪತ್ತೆಂಟು ವರ್ಷವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅನಿಸುವ ಮಟ್ಟಿಗೆ ನಮ್ರತೆಯ ನಿಜವಾದ ಕಥೆ ಇರುವುದು ಅಲ್ಲೇ, ಆ ಬೇಸರ ಹುಟ್ಟಿಸುವ ಕಮಿಟಿ ಸಭೆಗಳಲ್ಲಿ. ಆಂಗ್ಲಿಕನ್ನರಿಗೆ ಬಿಷಪ್ ಇಲ್ಲದೆ ಸಭೆ ಇಲ್ಲ, ಬಿಷಪ್ ಕೈಯಿಟ್ಟು ದೀಕ್ಷೆ ಕೊಡದ ಪಾಲಕ ಪಾಲಕನೇ ಅಲ್ಲ ಎಂಬ ಪರಂಪರೆ. ಐಕ್ಯ ಸಭೆಯಲ್ಲಿದ್ದ ಕಾಂಗ್ರಿಗೇಷನಲ್ ಜನರಿಗೆ ಬಿಷಪ್ ಎಂದರೆ ಗದ್ದುಗೆ, ಅಧಿಕಾರ, ಇಂಗ್ಲೆಂಡಿನಲ್ಲಿ ತಮ್ಮ ಹಿರಿಯರು ಯಾವುದರಿಂದ ಬಿಡಿಸಿಕೊಂಡು ಬಂದರೋ ಅದೇ. ಅವರಲ್ಲಿ ಕೆಲವರಂತೂ ದೀಕ್ಷೆ ಪಡೆಯದ ಸಾಮಾನ್ಯ ಸಭಿಕನೂ ಕರ್ತನ ಭೋಜನ ನಡೆಸಲು ಅವಕಾಶ ಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದರು. ಮಾತುಕತೆ ಮುರಿದೇ ಹೋಯಿತು ಅನ್ನುವ ಹಂತಕ್ಕೆ ಒಂದಲ್ಲ ಎರಡಲ್ಲ, ಹಲವು ಸಲ ಬಂತು.

ಕೊನೆಗೆ ಉಳಿದ ದೊಡ್ಡ ಗಂಟು ಮರುದೀಕ್ಷೆಯದು. ಆಂಗ್ಲಿಕನ್, ಬ್ರಿಟಿಷ್ ಮೆಥೋಡಿಸ್ಟ್, ಐಕ್ಯ ಸಭೆ ಈ ಮೂರೂ ಕೂಡಿದ ಮೇಲೆ, ಬಿಷಪ್ ಕೈಯಿಂದ ದೀಕ್ಷೆ ಆಗದ ಮೆಥೋಡಿಸ್ಟ್ ಮತ್ತು ಐಕ್ಯ ಸಭೆಯ ಪಾಲಕರು ಮತ್ತೊಮ್ಮೆ ಮೊಣಕಾಲೂರಿ ದೀಕ್ಷೆ ಪಡೆಯಬೇಕೋ ಬೇಡವೋ? ಬೇಕು ಎಂದರೆ ಅಲ್ಲಿಯವರೆಗಿನ ಅವರ ಸೇವೆ ಸೇವೆಯೇ ಅಲ್ಲ ಎಂದಂತೆ. ಬೇಡ ಎಂದರೆ ಆಂಗ್ಲಿಕನ್ನರು ತಮ್ಮ ಪರಂಪರೆಯ ಕಣ್ಣಿನಲ್ಲಿ ಅರೆಬರೆ ಪಾಲಕರನ್ನು ಒಪ್ಪಿಕೊಂಡಂತೆ. ಎಲ್ಲರೂ ಒಬ್ಬರ ಮೇಲೊಬ್ಬರು ಕೈಯಿಟ್ಟು ಸಮಮಾಡಿಕೊಳ್ಳೋಣ ಎಂಬ ಮಧ್ಯದ ದಾರಿಯನ್ನೂ ಕೆಲವರು ಮುಂದಿಟ್ಟರು, ಅದು ನಿಲ್ಲಲಿಲ್ಲ. ಕಡೆಗೆ ಆದ ತೀರ್ಮಾನ: ಇರುವವರೆಲ್ಲ ಇದ್ದ ಹಾಗೇ ಒಪ್ಪಿತ, ಯಾರಿಗೂ ಮರುದೀಕ್ಷೆ ಇಲ್ಲ. ಇನ್ನು ಮುಂದೆ ಆಗುವ ದೀಕ್ಷೆಗಳೆಲ್ಲ ಬಿಷಪ್ ಕೈಯಿಂದ. ಜೊತೆಗೆ ಒಂದು ಪ್ರತಿಜ್ಞೆಯನ್ನೂ ಸಂವಿಧಾನದೊಳಗೇ ಬರೆದಿಟ್ಟರು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ ಪಾಲಕನನ್ನಾಗಲಿ ಬಲವಂತವಾಗಿ ಹೇರುವುದಿಲ್ಲ ಎಂಬುದು ಆ ಪ್ರತಿಜ್ಞೆ. ಪ್ರೀತಿಯನ್ನು ಬೋಧನೆಯಲ್ಲಿ ಹೇಳುವುದು ಸುಲಭ. ಬಹುಮತ ಇರುವವರು ಅಲ್ಪಮತದವರ ಮನಸ್ಸಾಕ್ಷಿಗೆ ಕಾಗದದ ಮೇಲೆ ರಕ್ಷಣೆ ಬರೆದುಕೊಟ್ಟದ್ದು ಭಾರತದ ಧಾರ್ಮಿಕ ಸಂಸ್ಥೆಗಳ ಚರಿತ್ರೆಯಲ್ಲಿ ಎಷ್ಟು ಕಡೆ ಸಿಗುತ್ತದೆ?

1947ರ ಸೆಪ್ಟೆಂಬರ್ 27, ಶನಿವಾರ. ದೇಶ ಸ್ವತಂತ್ರವಾಗಿ ಆರು ವಾರ. ಪಂಜಾಬಿನಲ್ಲಿ ಜನ ಧರ್ಮದ ಹೆಸರಿನಲ್ಲಿ ಕೊಲೆಯಾಗುತ್ತಿದ್ದ ದಿನಗಳವು. ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಮೂರೂ ಸಭೆಗಳ ಪ್ರತಿನಿಧಿಗಳು ತಂತಮ್ಮ ಆಡಳಿತ ಮಂಡಳಿಯ ಠರಾವನ್ನು ಓದಿದರು. ಪಾಲಕರು ಸಹಿ ಮಾಡಿದ ಒಪ್ಪಿಗೆ ಪತ್ರಗಳನ್ನು ಪವಿತ್ರ ಮೇಜಿನ ಮೇಲೆ ಇಟ್ಟರು. ಬಿಷಪ್ ಸಿ. ಕೆ. ಜೇಕಬ್ ಐಕ್ಯವನ್ನು ಘೋಷಿಸಿದರು. ಆಮೇಲೆ ಒಂಬತ್ತು ಹೊಸ ಬಿಷಪ್‌ರ ಅಭಿಷೇಕ. ಅವರ ತಲೆಯ ಮೇಲೆ ಬಿಷಪ್‌ರ ಕೈಯ ಜೊತೆಗೇ ಬಿಷಪ್ ಪರಂಪರೆ ಇಲ್ಲದ ಸಭೆಗಳ ಪಾಲಕರ ಕೈಗಳೂ ಬಿದ್ದವು. ಒಂಬತ್ತು ಜನರಲ್ಲಿ ಒಬ್ಬರು ನಮ್ಮ ಮೈಸೂರು ಡಯೊಸಿಸ್‌ಗೆ ನೇಮಕವಾದ ಪಿ. ಗುರುಶಾಂತ, ಹುಟ್ಟಿ ಬೆಳೆದದ್ದು ಮೆಥೋಡಿಸ್ಟ್ ಸಭೆಯಲ್ಲಿ. ಇದಕ್ಕಾಗಿ ಬಾಳೆಲ್ಲ ಸವೆಸಿದ ಅಜರಯ್ಯ ಆ ದಿನ ಇರಲಿಲ್ಲ, 1945ರ ಜನವರಿ 1ರಂದೇ ತೀರಿಕೊಂಡಿದ್ದರು.

ದಕ್ಷಿಣ ಭಾರತ ಸಭೆ, ಜನ ಕರೆಯುವ ಹಾಗೆ ಸಿ.ಎಸ್.ಐ., ಹೀಗೆ ಹದಿನಾಲ್ಕು ಡಯೊಸಿಸ್‌ಗಳೊಂದಿಗೆ ಹುಟ್ಟಿತು. ಮಂಗಳೂರು, ಮಲಬಾರಿನ ಬಾಸೆಲ್ ಸಭೆಗಳು ಒಳಗೆ ಬಂದವು. ಬಳ್ಳಾರಿಯ ಲಂಡನ್ ಮಿಷನ್ ಸಭೆಗಳು ಬಂದವು. ಬೆಂಗಳೂರು, ಮೈಸೂರು, ತುಮಕೂರಿನ ಬ್ರಿಟಿಷ್ ಮೆಥೋಡಿಸ್ಟರು ಬಂದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡದ ಬಾಸೆಲ್ ಸಭೆಗಳು ಬರಲಿಲ್ಲ.

ಒಂದೇ ತಾಯಿಯ ಮಕ್ಕಳಲ್ಲಿ ಕೆಲವರು ಹೋಗಿ ಕೆಲವರು ಉಳಿದರು. ಯಾಕೆ ಎನ್ನುವುದಕ್ಕೆ ನನಗೆ ತೋರುವ ಕಾರಣ ಎರಡು. ಒಂದು, ಮೇಲೆ ಹೇಳಿದ ಬಿಷಪ್ ಪ್ರಶ್ನೆ. ನೂರು ವರ್ಷ ಹಿರಿಯರ ಕೂಟದಲ್ಲಿ ಮಾತಾಡಿ ತೀರ್ಮಾನಿಸಿದ ಜನಕ್ಕೆ ಮೇಲೊಬ್ಬರು ಕೂತು ಆಳುವ ವ್ಯವಸ್ಥೆ ಅನುಮಾನ ಹುಟ್ಟಿಸಿದ್ದರೆ ಆಶ್ಚರ್ಯವಿಲ್ಲ. ಎರಡು, ರಾಜಕೀಯ ನಕ್ಷೆ. ಮಂಗಳೂರು ಮದರಾಸು ಪ್ರಾಂತ, ಧಾರವಾಡ ಮುಂಬಯಿ ಪ್ರಾಂತ. ಇಲ್ಲಿಯವರ ಕೋರ್ಟು, ಶಾಲಾ ಇಲಾಖೆ, ರೈಲಿನ ದಾರಿ ಎಲ್ಲ ಮುಂಬಯಿ-ಪುಣೆಗೆ ಮುಖ ಮಾಡಿದ್ದವು. ಮದರಾಸಿನಲ್ಲಿ ಹುಟ್ಟಿದ ಸಭೆ ಅವರಿಗೆ ನೆರೆಯೂರಿನದ್ದೇ ಹೊರತು ತಮ್ಮೂರಿನದ್ದಲ್ಲ.

ಒಳಗೆ ಹೋದವರು ಹೊರಗೆ ಉಳಿದವರನ್ನು ಹೇಗೆ ಕಂಡರು, ಉಳಿದವರು ಹೋದವರನ್ನು ಏನಂದರು ಎಂಬುದೇ ಇಂಥ ಒಡಕಿನ ಪರೀಕ್ಷೆ. ನೆರೆಯ ಆಂಧ್ರದ ನಂದ್ಯಾಲದಲ್ಲೂ ಇದೇ ಆಯಿತು. ಅಲ್ಲಿನ ಸಾವಿರಾರು ಆಂಗ್ಲಿಕನ್ನರು 1947ರಲ್ಲಿ ಐಕ್ಯಕ್ಕೆ ಒಲ್ಲೆ ಎಂದು ಹೊರಗೇ ನಿಂತರು. ಇಂಗ್ಲೆಂಡಿನಲ್ಲಿ ಐಕ್ಯವನ್ನು ಒಪ್ಪದವರ ಬೆಂಬಲವೂ ಅವರ ಬೆನ್ನಿಗಿತ್ತು. ಅವರು ಸಿ.ಎಸ್.ಐ. ಸೇರಿದ್ದು 1975ರಲ್ಲಿ. ಇತ್ತ ಸಿ.ಎಸ್.ಐ.ಗೂ ತನ್ನ ಪಾಲಿನ ಅವಮಾನ ಇತ್ತು. ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಈ ಹೊಸ ಸಭೆಯನ್ನು ಪೂರ್ತಿ ಒಪ್ಪಿಕೊಳ್ಳಲಿಲ್ಲ. ಜಗತ್ತಿನ ಆಂಗ್ಲಿಕನ್ ಬಿಷಪ್‌ರು ಸೇರುವ ಲ್ಯಾಂಬೆತ್ ಸಮ್ಮೇಳನದಲ್ಲಿ ಸಿ.ಎಸ್.ಐ. ಬಿಷಪ್‌ರಿಗೆ ಪೂರ್ಣ ಸದಸ್ಯರ ಸ್ಥಾನ ಸಿಕ್ಕಿದ್ದು 1988ರಲ್ಲಿ. ಯಾವ ಮನೆಯ ಜಗಳ ಬಿಡಿಸಲು ಹೋದರೋ ಆ ಮನೆಯವರೇ ನಲವತ್ತು ವರ್ಷ ಪಂಕ್ತಿಯ ಹೊರಗೆ ಕೂಡಿಸಿದರು. ಅದಕ್ಕಾಗಿ ಸಿ.ಎಸ್.ಐ. ತನ್ನ ಐಕ್ಯವನ್ನು ಬಿಚ್ಚಿಕೊಳ್ಳಲಿಲ್ಲ.

ಹೊರಗಿನ ಮನ್ನಣೆಗೆ ಕಾಯುತ್ತ ಕೂಡದೆ ಸಿ.ಎಸ್.ಐ. ತನ್ನ ಆರಾಧನೆಯನ್ನು ಕಟ್ಟಿಕೊಂಡಿತು. 1950ರಲ್ಲಿ ಮದುರೆಯ ಸಿನೊಡ್‌ನಲ್ಲಿ ಮೊದಲ ಸಲ ಬಳಸಿದ ಕರ್ತನ ಭೋಜನದ ಕ್ರಮದಲ್ಲಿ ಸಮಾಧಾನ ಹಂಚುವ ಒಂದು ಘಟ್ಟ ಇದೆ. ಕೇರಳದ ಸುರಿಯಾನಿ ಸಭೆಗಳ ಹಳೆಯ ರೂಢಿಯಿಂದ ಅದನ್ನು ತಂದದ್ದು. ಕೈಕುಲುಕುವುದಲ್ಲ ಅದು. ಪಾಲಕರು ಮೇಜಿನ ಹತ್ತಿರ ತಮ್ಮ ಎರಡು ಅಂಗೈ ಜೋಡಿಸಿ, ನೆರವಿಗೆ ನಿಂತವರ ಜೋಡಿಸಿದ ಅಂಗೈಗಳ ನಡುವೆ ಇಡುತ್ತಾರೆ. ಅವರು ಅದನ್ನು ಮುಂದಿನ ಬೆಂಚಿನ ತುದಿಯಲ್ಲಿ ಕೂತವರಿಗೆ ಒಯ್ಯುತ್ತಾರೆ. ಅಲ್ಲಿಂದ ಪಕ್ಕದವರಿಗೆ, ಹಿಂದಿನ ಬೆಂಚಿಗೆ, ಹೆಂಗಸರ ಸಾಲಿಗೆ, ಬಾಗಿಲ ಹತ್ತಿರ ಮಗು ಎತ್ತಿಕೊಂಡು ನಿಂತವಳವರೆಗೆ. ಪಕ್ಕದವರ ಜೊತೆ ಮಾತು ಬಿಟ್ಟಿದ್ದರೂ ಕೈ ಮುಂದೆ ಚಾಚಲೇಬೇಕು, ಸರಪಳಿ ಅಲ್ಲಿ ಕಡಿಯುವ ಹಾಗಿಲ್ಲ. ಹೊಲದ ಬದುವಿನ ಜಗಳ ಕಚೇರಿ ಹತ್ತಿದ ಇಬ್ಬರು ದಾಯಾದಿಗಳು ಒಂದೇ ಬೆಂಚಿನಲ್ಲಿ ಕೂತ ದಿನ ಆ ಘಟ್ಟ ಎಷ್ಟು ಭಾರವಾಗುತ್ತದೆ ಎಂಬುದನ್ನು ನಮ್ಮ ಕಡೆಯ ಹಿರಿಯರನ್ನು ಕೇಳಿ ತಿಳಿಯಬೇಕು.

ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು ಹೊರಗೆ ನಿಂತದ್ದು ಇಪ್ಪತ್ತೊಂದು ವರ್ಷ. ಈ ನಡುವೆ ಎರಡು ಸಂಗತಿ ನಡೆದವು. 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ ಮೈಸೂರು ರಾಜ್ಯಕ್ಕೆ ಬಂದವು. ಪ್ರಾಂತದ ಗೋಡೆ ಬಿತ್ತು. ಇನ್ನೊಂದು, 1965ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆರಂಭವಾಯಿತು. 1847ರ ಬಾಸೆಲ್ ಸೆಮಿನರಿ ಮತ್ತು ತುಮಕೂರಿನಲ್ಲಿದ್ದ ಯೂನಿಯನ್ ಕೆನರೀಸ್ ಸೆಮಿನರಿ ಕೂಡಿ ಆದ ಕಾಲೇಜು ಅದು. ಅಂದರೆ ಧಾರವಾಡದ ಸಭೆಗಳು ಐಕ್ಯಕ್ಕೆ ಸಹಿ ಹಾಕುವ ಮುಂಚೆಯೇ ಕನ್ನಡ ಪಾಲಕರನ್ನು ತಯಾರು ಮಾಡುವ ಮನೆ ಒಂದಾಗಿತ್ತು. ಠರಾವುಗಳಿಗಿಂತ ಆ ಕಾಲೇಜಿನ ಊಟದ ಮನೆ ಹೆಚ್ಚು ಕೆಲಸ ಮಾಡಿದೆ ಎಂದು ನಾನು ನಂಬುವವನು. 1968ರಲ್ಲಿ ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು ಸಿ.ಎಸ್.ಐ. ಸೇರಿದವು. 1970ರಲ್ಲಿ ಮೈಸೂರು ಡಯೊಸಿಸ್ ಮೂರಾಗಿ, ಧಾರವಾಡ ಉತ್ತರ ಕರ್ನಾಟಕ ಡಯೊಸಿಸ್‌ನ ಕೇಂದ್ರವಾಯಿತು.

ಎಲ್ಲವೂ ಹೂವಿನ ಹಾಗೆ ನಡೆಯಿತು ಎಂದು ಬರೆದರೆ ಸ್ಮರಣ ಸಂಚಿಕೆ ಚೆಂದ ಕಾಣಬಹುದು, ಚರಿತ್ರೆ ಕೆಡುತ್ತದೆ. ಕೆಲವರು ಹಳೆಯ ಹೆಸರಿನಲ್ಲೇ ಉಳಿದರು. ಜಾಗ, ಕಟ್ಟಡ, ಟ್ರಸ್ಟಿನ ವಿಷಯಗಳು ಕೋರ್ಟಿನ ಮೆಟ್ಟಿಲು ಹತ್ತಿದವು. ಮಿಷನ್ ಕಾಲದ ಜಮೀನು ಈಗ ಪಟ್ಟಣದ ನಡುವೆ ಬಂದು ಬೆಲೆ ಏರಿದಷ್ಟೂ ದೇವಶಾಸ್ತ್ರದ ಭಿನ್ನಾಭಿಪ್ರಾಯವೂ ಅದೇಕೋ ಏರುತ್ತದೆ. ಮರುದೀಕ್ಷೆಯ ಪ್ರಶ್ನೆಯಲ್ಲಿ ತಗ್ಗಿದ ಜನ ಸರ್ವೆ ನಂಬರಿನ ಪ್ರಶ್ನೆಯಲ್ಲಿ ತಗ್ಗಲಿಲ್ಲ.

ಇನ್ನು ನಮ್ಮ ಗೋಕಾಕ ಸೀಮೆ. ಬೆಳಗಾವಿಯ ಮೆಥೋಡಿಸ್ಟರೂ ಮೈಸೂರಿನ ಮೆಥೋಡಿಸ್ಟರೂ ಒಬ್ಬ ವೆಸ್ಲಿಯ ಮಕ್ಕಳೇ. ಮೈಸೂರಿನವರು ಬ್ರಿಟಿಷ್ ಮನೆಯವರು, 1947ರಲ್ಲೇ ಒಂದಾದರು. ಬೆಳಗಾವಿ, ಕಲಬುರ್ಗಿ, ಬೀದರ್, ಕೋಲಾರದವರು ಅಮೆರಿಕದ ಮನೆಯವರು. ಉತ್ತರದಲ್ಲಿ ಉತ್ತರ ಭಾರತ ಸಭೆಯನ್ನು, ಅಂದರೆ ಸಿ.ಎನ್.ಐ.ಯನ್ನು, ಕಟ್ಟುವ ಮಾತುಕತೆಯಲ್ಲಿ ಕೊನೆಯ ತನಕ ಅವರಿದ್ದರು. 1970ರ ನವೆಂಬರ್ 29ಕ್ಕೆ ನಾಗಪುರದಲ್ಲಿ ಐಕ್ಯವಾಗಬೇಕು, ಅದೇ ವರ್ಷ ಮೆಥೋಡಿಸ್ಟರ ಸಭೆಯಲ್ಲಿ ಮತ ಬಿತ್ತು, ಹೊರಗೇ ಉಳಿಯುವುದೆಂದು ತೀರ್ಮಾನವಾಯಿತು. 1981ರ ಜನವರಿ 7ರಂದು ಅವರು ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವತಂತ್ರ ಸಭೆಯಾದರು.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮೆಥೋಡಿಸ್ಟ್ ಸಭೆ ಸೇರಿದವರಲ್ಲಿ ದಲಿತ ಕೇರಿಗಳ ಜನವೇ ಹೆಚ್ಚು. ಊರ ಬಾವಿಯ ಹತ್ತಿರವೂ ಬಿಟ್ಟುಕೊಳ್ಳದ ಕಾಲದಲ್ಲಿ ಅವರ ಅಜ್ಜ-ಮುತ್ತಜ್ಜರು ಒಂದೇ ಬಟ್ಟಲಿನಿಂದ ಎಲ್ಲರ ಜೊತೆ ಕುಡಿದರು. ಬಿಷಪ್ ಕೈಯ ಪರಂಪರೆ ಅಪೊಸ್ತಲರವರೆಗೆ ಹೋಗುತ್ತದೋ ಇಲ್ಲವೋ ಎಂಬ ಚರ್ಚೆ ಅವರ ಬದುಕಿಗೆ ಎಷ್ಟು ದೂರ ಇತ್ತು ಎಂಬುದನ್ನು ಐಕ್ಯದ ಕಮಿಟಿಗಳಲ್ಲಿ ಕೂತ ಪಂಡಿತರು ಆಗೀಗಲಾದರೂ ನೆನೆದಿದ್ದರೆ ಇಪ್ಪತ್ತೆಂಟು ವರ್ಷ ಹಿಡಿಯುತ್ತಿರಲಿಲ್ಲವೇನೋ. ಆ ಕೇರಿಗಳಲ್ಲಿ ಹೆಣ ಹೊರುವಾಗ, ಲಗ್ನದ ಹಂದರ ಹಾಕುವಾಗ ಯಾವ ಮಿಷನ್ ಎಂದು ಯಾರೂ ತಡೆಯುವುದಿಲ್ಲ. ತಡೆ ಇರುವುದು ರಿಜಿಸ್ಟರಿನಲ್ಲಿ.

1978ರಲ್ಲಿ ಸಿ.ಎಸ್.ಐ., ಸಿ.ಎನ್.ಐ. ಮತ್ತು ಕೇರಳದ ಮಾರ್ತೋಮಾ ಸಭೆಗಳು ಒಂದು ಜಂಟಿ ಮಂಡಳಿ ಮಾಡಿಕೊಂಡವು. ಮೆಥೋಡಿಸ್ಟರು ಅದರಲ್ಲೂ ಇರಲಿಲ್ಲ. ಬಲ್ಮಠದ ಕಾಲೇಜಿನಲ್ಲಿ ಮಾತ್ರ ಸಿ.ಎಸ್.ಐ.ನವರೂ ಮೆಥೋಡಿಸ್ಟರೂ ಒಂದೇ ತರಗತಿಯಲ್ಲಿ ಕೂತು ಕನ್ನಡದಲ್ಲಿ ಪ್ರಸಂಗ ಮಾಡುವುದನ್ನು ಕಲಿಯುತ್ತಾರೆ, ಇಬ್ಬರ ಪದವಿಯನ್ನೂ ಸೆರಾಂಪುರದ ಸೆನೆಟ್ ಕೊಡುತ್ತದೆ. ಆ ಪದವಿ ಹಿಡಿದು ಒಬ್ಬರು ಬೆಳಗಾವಿ ದಿಕ್ಕಿಗೆ, ಇನ್ನೊಬ್ಬರು ಧಾರವಾಡದ ದಿಕ್ಕಿಗೆ ಹೊರಟು, ತಂತಮ್ಮ ಬಿಷಪ್‌ರ ಮುಂದೆ ಬೇರೆ ಬೇರೆಯಾಗಿ ಮೊಣಕಾಲೂರುತ್ತಾರೆ.